ಪೈಲ್ ಇಳಿಸುವ ಮುಂಚೆ ನೆಲ ನೋಡುವುದು: ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಯಾವ ಪರೀಕ್ಷೆ, ಯಾವ ಪೈಲ್?

"ಬಾಜೂ ಪ್ಲಾಟಿನ ಸಾಯಿಲ್ ರಿಪೋರ್ಟ್ ಐತಲ್ರೀ ಸಾಹೇಬ್ರ. ಅದನ್ನ ಹಚ್ಚಿ ಡಿಸೈನ್ ಮಾಡಿಬಿಡ್ರಿ. ಮತ್ತ ಬೋರ್ ಹೊಡೆಸಿ ರೊಕ್ಕ ಯಾಕ ಹಾಳು?"

ಸಿಂಧನೂರು ಕಡೆಯ ಅಕ್ಕಿ ಗಿರಣಿ ಮಾಲೀಕರೊಬ್ಬರು ಚಹಾ ಮುಂದಿಟ್ಟು ಹೀಗೆ ಕೇಳಿದ್ದರು. ಮೇಲ್ನೋಟಕ್ಕೆ ಅವರ ಮಾತು ಸರಿಯೇ. ಎರಡು ಪ್ಲಾಟುಗಳ ನಡುವೆ ಇದ್ದದ್ದು ಒಂದು ಕಾಂಪೌಂಡ್ ಗೋಡೆ ಮಾತ್ರ. ಹೇಗೋ ಒಪ್ಪಿಸಿ ಮಣ್ಣು ಪರೀಕ್ಷೆಗೆ ಮೂರು ಬೋರ್ ಹಾಕಿಸಿದೆವು. ಮೊದಲನೆಯದರಲ್ಲಿ ನಾಲ್ಕು ಮೀಟರಿಗೆ ಗಟ್ಟಿ ಕಲ್ಲು ಸಿಕ್ಕಿತು. ಅಲ್ಲಿಂದ ಇಪ್ಪತ್ತು ಹೆಜ್ಜೆ ಆಚೆಗಿನ ಎರಡನೆಯದರಲ್ಲಿ ಒಂಬತ್ತು ಮೀಟರ್ ದಾಟಿದರೂ ಬರೀ ಗರಸು, ಕೊಳೆತ ಕಲ್ಲಿನ ಪುಡಿ. ಮೂರನೆಯದರಲ್ಲಿ ಮೂರು ಮೀಟರಿಗೇ ಕಲ್ಲು ಬಂತು. ಡ್ರಿಲ್ಲರ್ ಹುಡುಗ ಬಿಟ್ ಎತ್ತಿ "ರಿಫ್ಯೂಜಲ್ ರೀ" (ಇನ್ನು ಇಳಿಯುವುದಿಲ್ಲ) ಅಂದು ಬೀಡಿ ಹಚ್ಚಿದ. ಇನ್ನೂ ಕೊರಿ ಎಂದೆ. ಒಂದೂಕಾಲು ಮೀಟರ್ ಕಲ್ಲು ಕೊರೆದ ಮೇಲೆ ರಾಡು ಸರ್ರನೆ ಇಳಿಯಿತು. ಕೆಳಗೆ ಮತ್ತೆ ಮೆತ್ತನೆಯ ಮಣ್ಣು.

ಆ ಕಲ್ಲಿನ ಮೇಲೆ ಪೈಲ್, ಅಂದರೆ ಕಟ್ಟಡದ ಭಾರವನ್ನು ಆಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ, ಕೂರಿಸಿದ್ದರೆ ಸೈಲೋ (ಧಾನ್ಯದ ದೊಡ್ಡ ಕಣಜ) ತುಂಬಿದ ದಿನ ಏನಾಗುತ್ತಿತ್ತು ಎಂದು ಲೆಕ್ಕ ಹಾಕುವ ಕೆಲಸ ನಮಗೆ ಉಳಿಯಲಿಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ನೆಲದ ತೊಂದರೆ ಮೆತ್ತಗಿರುವುದಕ್ಕಿಂತ ಹೆಚ್ಚಾಗಿ ಒಂದೇ ಸಮ ಇಲ್ಲದಿರುವುದು. ಹಾಗಾಗಿ ಒಂದೇ ಕಡೆ ದುಬಾರಿ ಪರೀಕ್ಷೆ ಮಾಡಿಸಿ ದಪ್ಪ ರಿಪೋರ್ಟ್ ತರಿಸುವುದಕ್ಕಿಂತ, ಅಗ್ಗದ ಪರೀಕ್ಷೆಯನ್ನು ಹತ್ತು ಕಡೆ ಮಾಡಿ ಅದರ ಮೇಲೆ ಎರಡು ಮೂರು ಕಡೆ ದುಬಾರಿಯದನ್ನು ಮಾಡುವುದು ಮೇಲು. ಕೆಳಗಿನ ಹೋಲಿಕೆಯನ್ನೆಲ್ಲ ಈ ಲೆಕ್ಕದಲ್ಲೇ ಓದಿಕೊಳ್ಳಿ.

ನಮ್ಮ ನೆಲದ ಜಾತಿ

ಆನೆಗುಂದಿ ಕಡೆ ಹೋದವರೆಲ್ಲ ಬೆಟ್ಟದ ಮೇಲೆ ಒಂದರ ಮೇಲೊಂದು ಕೂತ ಗುಂಡುಗಲ್ಲುಗಳನ್ನು ನೋಡಿರುತ್ತೀರಿ. ಅವನ್ನು ಯಾರೂ ತಂದು ಪೇರಿಸಿದ್ದಲ್ಲ. ಗ್ರಾನೈಟಿನಲ್ಲಿ ಅಡ್ಡ ಉದ್ದ ಬಿರುಕುಗಳಿರುತ್ತವೆ. ನೀರು ಆ ಬಿರುಕುಗಳ ಮೂಲಕ ಇಳಿದು, ಕಲ್ಲನ್ನು ಅಂಚಿನಿಂದ ಒಳಕ್ಕೆ ಕೊಳೆಸುತ್ತ ಹೋಗುತ್ತದೆ. ಮೂಲೆಗಳು ಬೇಗ ಕೊಳೆಯುವುದರಿಂದ ನಡುವಿನ ಗಟ್ಟಿ ಭಾಗ ದುಂಡಗೆ ಉಳಿಯುತ್ತದೆ. ಸುತ್ತಲಿನ ಕೊಳೆತ ಪುಡಿ ಮಳೆಗೆ ತೊಳೆದುಹೋದ ಕಡೆ ಗುಂಡುಗಳು ಬಯಲಾಗಿವೆ. ತೊಳೆದುಹೋಗದ ಕಡೆ, ಅಂದರೆ ಗಂಗಾವತಿ, ಮಾನ್ವಿ, ಸಿರುಗುಪ್ಪ ಕಡೆಯ ಹೊಲಗಳ ಕೆಳಗೆ, ಅಂಥ ಗುಂಡುಗಳು ಇನ್ನೂ ಗರಸಿನೊಳಗೆ ಹೂತು ಕೂತಿರಬಹುದು. ಬೆಟ್ಟದ ಮೇಲೆ ಕಂಡದ್ದೇ ನಿಮ್ಮ ಪ್ಲಾಟಿನ ಅಡಿಯಲ್ಲೂ ಇದೆ ಎಂದುಕೊಂಡೇ ಕೆಲಸ ಶುರು ಮಾಡಿ.

ಮೇಲಿನಿಂದ ಕೆಳಕ್ಕೆ ಸಾಮಾನ್ಯವಾಗಿ ಮೊದಲು ಎರೆ (ಕಪ್ಪು ಜಿಗುಟು ಮಣ್ಣು) ಅಥವಾ ಮಸಾರಿ (ಕೆಂಪು ಮಣ್ಣು), ಎರೆಯ ತಳದಲ್ಲಿ ಸುಣ್ಣದ ಹರಳು, ಆಮೇಲೆ ಗರಸು, ಅಂದರೆ ಮೊರಂ, ಅದರೊಳಗೆ ಅಲ್ಲಲ್ಲಿ ಗುಂಡು, ಕೊನೆಗೆ ತಾಯಿಕಲ್ಲು, ಅಂದರೆ ಕದಲದ ತಳಬಂಡೆ. ಮಸಾರಿಯಲ್ಲಿ ತಲೆನೋವು ಕಡಿಮೆ. ಎರೆ ಬೇರೆಯೇ ಪ್ರಾಣಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಏಪ್ರಿಲ್‌ನಲ್ಲಿ ಸಿಂಧನೂರು ಕಡೆಯ ಒಣ ಹೊಲದ ಬಿರುಕಿಗೆ ತೊಗರಿ ಕಟ್ಟಿಗೆ ಇಳಿಬಿಟ್ಟರೆ ಕೈ ತಾಗುವವರೆಗೂ ಹೋಗುತ್ತದೆ. ಈ ಉಬ್ಬುವ ಕುಗ್ಗುವ ಆಟ ಆಳ ಎರೆಯಲ್ಲಿ ಸುಮಾರು 3.5 ಮೀಟರ್‌ವರೆಗೂ ನಡೆಯುತ್ತದೆ ಎಂದು ಹಿಡಿದು ಡಿಸೈನ್ ಮಾಡುವುದು ರೂಢಿ. ಸಂಡೂರು ಪಟ್ಟಿ ಇದರಿಂದ ಹೊರತು. ಅಲ್ಲಿ ಗ್ರಾನೈಟ್ ಬದಲು ಅದಿರಿನ ಪದರಗಲ್ಲು, ಜೊತೆಗೆ ಗಣಿಯಿಂದ ತಂದು ಸುರಿದ ಮಣ್ಣಿನ ದಿಬ್ಬ. ಸುರಿದ ಮಣ್ಣಿನ ಮೇಲೆ ಕಟ್ಟುವವರು ಈ ಲೇಖನ ಬಿಟ್ಟು ನೇರ ಜಿಯೋಟೆಕ್ (ನೆಲ-ಬುನಾದಿ) ಎಂಜಿನಿಯರ್ ಹತ್ತಿರ ಹೋಗಿ.

ನೆಲ ನೋಡುವ ದಾರಿಗಳು

*ಜೆಸಿಬಿ ಗುಂಡಿ.* ಎಲ್ಲಕ್ಕಿಂತ ಅಗ್ಗ, ಮೂರು ಮೀಟರ್‌ವರೆಗೆ ಎಲ್ಲಕ್ಕಿಂತ ಸತ್ಯ. ಬೋರ್‌ನಲ್ಲಿ ಮುಷ್ಟಿಯಷ್ಟು ಮಣ್ಣು ಕಾಣುತ್ತದೆ, ಗುಂಡಿಯಲ್ಲಿ ಇಡೀ ಗೋಡೆಯೇ ಕಾಣುತ್ತದೆ: ಎರೆ ಎಲ್ಲಿ ಮುಗಿಯಿತು, ಸುಣ್ಣದ ಹರಳು ಎಷ್ಟು ದಪ್ಪ, ಹಳೆಯ ಕಸ ತುಂಬಿದ್ದಾರೆಯೇ, ನೀರು ಯಾವ ಕಡೆಯಿಂದ ಒಸರುತ್ತಿದೆ. ಒಂದು ಎಚ್ಚರಿಕೆ. ಒಂದೂವರೆ ಮೀಟರ್ ದಾಟಿದ ಗುಂಡಿಗೆ ಆಸರೆ ಕಟ್ಟದೆ, ಇಲ್ಲವೇ ಬದಿಗಳನ್ನು ಇಳಿಜಾರು ಮಾಡದೆ ಯಾರನ್ನೂ ಇಳಿಸಬೇಡಿ. ಎರೆ ಗೋಡೆ ನಿಂತಿರುವವರೆಗೆ ಬಂಡೆಯ ಹಾಗೆ ಕಾಣುತ್ತದೆ. ಬೀಳುವಾಗ ಮುನ್ಸೂಚನೆ ಕೊಡುವುದಿಲ್ಲ.

*ಕೋನ್ ಹೊಡೆಯುವುದು.* ಡಿಸಿಪಿಟಿ ಎನ್ನುತ್ತಾರೆ. 50 ಮಿಲಿಮೀಟರ್ ಕೋನಿನ ಮೇಲೆ 65 ಕಿಲೋ ಹ್ಯಾಮರನ್ನು 75 ಸೆಂಟಿಮೀಟರ್ ಎತ್ತರದಿಂದ ಬಿಟ್ಟು, ಪ್ರತಿ 10 ಸೆಂಟಿಮೀಟರಿಗೆ ಎಷ್ಟು ಏಟು ಬಿತ್ತು ಎಂದು ಬರೆಯುತ್ತಾರೆ. ಮಣ್ಣಿನ ಸ್ಯಾಂಪಲ್ ಸಿಗುವುದಿಲ್ಲ, ಗುಂಡುಗಲ್ಲಿಗೂ ತಾಯಿಕಲ್ಲಿಗೂ ವ್ಯತ್ಯಾಸ ಹೇಳುವುದಿಲ್ಲ, ಜಿಗುಟು ಎರೆ ರಾಡಿಗೆ ಅಂಟಿಕೊಂಡು ಏಟು ಹೆಚ್ಚಾಗಿ ತೋರಿಸುತ್ತದೆ. ಇಷ್ಟೆಲ್ಲ ದೋಷ ಇದ್ದರೂ ನಾನು ಇದರ ಪರ. ಬೇಗ ಮುಗಿಯುವುದರಿಂದ ಹತ್ತಾರು ಕಡೆ ಹೊಡೆಯಬಹುದು. ಗಟ್ಟಿ ನೆಲ ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂಬ ನಕ್ಷೆ ಕೈಗೆ ಬರುತ್ತದೆ. ದುಬಾರಿ ಬೋರ್ ಎಲ್ಲಿ ಹಾಕಬೇಕು ಎಂಬುದನ್ನು ಆ ನಕ್ಷೆಯೇ ಹೇಳುತ್ತದೆ.

*ಎಸ್‌ಪಿಟಿ ಬೋರ್.* ಬೋರ್ ತಳದಲ್ಲಿ ಟ್ಯೂಬ್ ಹೊಡೆದು ಏಟು ಎಣಿಸುವ ಪರೀಕ್ಷೆ. ಎಲ್ಲರೂ ಕೇಳುವುದು ಇದನ್ನೇ. 63.5 ಕಿಲೋ ಹ್ಯಾಮರ್, 75 ಸೆಂಟಿಮೀಟರ್ ಬೀಳು. ಮೊದಲ 15 ಸೆಂಟಿಮೀಟರ್ ಲೆಕ್ಕಕ್ಕಿಲ್ಲ, ನಂತರದ 30 ಸೆಂಟಿಮೀಟರಿಗೆ ಬಿದ್ದ ಏಟೇ ಎನ್ ವ್ಯಾಲ್ಯೂ. ಐಎಸ್ 2131 ಎಂಬ ಭಾರತೀಯ ಮಾನಕ ಹೇಳುವುದು ಇದು. ಸೈಟಿನಲ್ಲಿ ನಿಂತು ನೋಡಿದರೆ ಮಾತ್ರ ಈ ಅಂಕಿಗೆ ಬೆಲೆ. ಹ್ಯಾಮರ್ ಎತ್ತುವ ಹಗ್ಗವನ್ನು ಕ್ಯಾಟ್‌ಹೆಡ್ ಎಂಬ ತಿರುಗುವ ಡ್ರಮ್ಮಿಗೆ ಎಷ್ಟು ಸುತ್ತು ಸುತ್ತಿದ್ದಾನೆ, ಹ್ಯಾಮರ್ ನಿಜಕ್ಕೂ 75 ಸೆಂಟಿಮೀಟರ್ ಏರುತ್ತಿದೆಯೇ ಅಥವಾ ಮಧ್ಯಾಹ್ನದ ಬಿಸಿಲಿಗೆ 60ಕ್ಕೇ ಬಿಡುತ್ತಿದ್ದಾನೆಯೇ? ಕಡಿಮೆ ಎತ್ತರದಿಂದ ಬಿಟ್ಟರೆ ಏಟು ಹೆಚ್ಚು ಬೇಕಾಗುತ್ತದೆ. ಕಾಗದದ ಮೇಲೆ ನೆಲ ಗಟ್ಟಿಯಾಗಿಬಿಡುತ್ತದೆ. ರಾಡಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಸಿ, ನಿಮ್ಮ ಕಡೆಯ ಒಬ್ಬನನ್ನು ಏಟು ಎಣಿಸಲು ನಿಲ್ಲಿಸಿ.

ಒಣ ಎರೆಯಲ್ಲಿ ಎನ್ ವ್ಯಾಲ್ಯೂ ಮೋಸ ಮಾಡುತ್ತದೆ ಎಂಬುದನ್ನು ಬೇರೆಯಾಗಿಯೇ ಹೇಳಬೇಕು. ಮೇ ತಿಂಗಳಲ್ಲಿ ಮೇಲಿನ ಎರಡು ಮೀಟರ್ ಇಟ್ಟಿಗೆಯ ಹಾಗಿರುತ್ತದೆ, ಏಟು ಜಾಸ್ತಿ ಬರುತ್ತದೆ. ಅದೇ ಮಣ್ಣು ಸೆಪ್ಟೆಂಬರಿನಲ್ಲಿ ಎರಡು ಬೆರಳಿಗೆ ಒತ್ತಿಕೊಳ್ಳುತ್ತದೆ. ಬೇಸಿಗೆ ರಿಪೋರ್ಟಿನ ಮೇಲ್ಪದರದ ಬಲವನ್ನು ಪೈಲಿನ ಲೆಕ್ಕಕ್ಕೆ ಸೇರಿಸಬೇಡಿ.

*ಕೋರ್ ಡ್ರಿಲ್ಲಿಂಗ್.* ದುಬಾರಿ. ಪೈಲ್ ಕಲ್ಲಿನ ಮೇಲೆ ಕೂರಬೇಕಾದರೆ ಬೇರೆ ದಾರಿಯೂ ಇಲ್ಲ. ವಜ್ರದ ಬಿಟ್ಟಿನಿಂದ ಕಲ್ಲನ್ನು ದಂಡದ ಹಾಗೆ ಕೊರೆದು ತೆಗೆದು, ಮರದ ಪೆಟ್ಟಿಗೆಯಲ್ಲಿ ಜೋಡಿಸಿ ತೋರಿಸುತ್ತಾರೆ. ಕಲ್ಲು ಎಷ್ಟು ಬಿರಿಯದೆ ಉಳಿದಿದೆ ಎಂದು ಹೇಳುವ ಆರ್‌ಕ್ಯೂಡಿ ಎಂಬ ಅಂಕಿ ನೀವೇ ಲೆಕ್ಕ ಹಾಕುವಷ್ಟು ಸರಳ. 10 ಸೆಂಟಿಮೀಟರ್ ಅಥವಾ ಅದಕ್ಕಿಂತ ಉದ್ದದ ತುಂಡುಗಳನ್ನಷ್ಟೇ ಕೂಡಿಸಿ, ಕೊರೆದ ಒಟ್ಟು ಉದ್ದದಿಂದ ಭಾಗಿಸಿ. ಒಂದೂವರೆ ಮೀಟರ್ ಕೊರೆದಿದ್ದು, ಲೆಕ್ಕಕ್ಕೆ ಬರುವ ತುಂಡುಗಳು 90 ಸೆಂಟಿಮೀಟರ್ ಆದರೆ 60 ಶೇಕಡಾ. 25ರ ಒಳಗಿದ್ದರೆ ಕಲ್ಲು ಬಹಳ ಕಳಪೆ, 90ರ ಮೇಲಿದ್ದರೆ ಅತ್ಯುತ್ತಮ. ಡ್ರಿಲ್ಲರ್ ಪೆಟ್ಟಿಗೆಗೆ ಹಾಕುವಾಗ ಮುರಿದ ತುಂಡಿಗೂ ನೆಲದಲ್ಲೇ ಬಿರಿದಿದ್ದ ತುಂಡಿಗೂ ವ್ಯತ್ಯಾಸ ನೋಡಿ. ಹೊಸ ಮುರಿತ ಹೊಳೆಯುತ್ತದೆ, ಹಳೆಯ ಬಿರುಕಿನ ಮುಖದಲ್ಲಿ ತುಕ್ಕಿನ ಬಣ್ಣ ಇರುತ್ತದೆ. ಹೊಸ ಮುರಿತವಾದರೆ ಎರಡೂ ತುಂಡನ್ನು ಒಂದೇ ಎಂದು ಎಣಿಸಬೇಕು.

ಎಷ್ಟು ಆಳ ಕೊರೆಯಬೇಕು? ನಾನು ಹಿಡಿದಿರುವ ಲೆಕ್ಕ ಇದು: ಕಲ್ಲು ಸಿಕ್ಕ ಜಾಗದಿಂದ ಕನಿಷ್ಠ ಮೂರು ಮೀಟರ್, ಗುಂಡುಗಳ ಅನುಮಾನ ಇದ್ದರೆ ಐದು. ಅಗ್ಗ ಮಾಡಿಕೊಳ್ಳಲು ಬೋರ್‌ನ ಸಂಖ್ಯೆ ಬೇಕಾದರೆ ಕಡಿಮೆ ಮಾಡಿ, ಈ ಮೂರು ಮೀಟರ್ ಮಾತ್ರ ಕತ್ತರಿಸಬೇಡಿ.

*ಪ್ಲೇಟ್ ಲೋಡ್ ಟೆಸ್ಟ್.* ಬಿಲ್ಲಿನಲ್ಲಿ ದೊಡ್ಡದಾಗಿ ಕಾಣುವ, ಪೈಲ್ ಕೆಲಸಕ್ಕೆ ಹೆಚ್ಚು ಉಪಯೋಗವಿಲ್ಲದ ಪರೀಕ್ಷೆ. 30ರಿಂದ 75 ಸೆಂಟಿಮೀಟರ್ ಅಗಲದ ಪ್ಲೇಟಿನ ಭಾರ ಅದರ ಅಗಲದ ಎರಡು ಪಟ್ಟು ಆಳದ ಆಚೆಗೆ ತಲುಪುವುದೇ ಇಲ್ಲ. ಐದು ಮೀಟರ್ ಕೆಳಗಿನ ಸುದ್ದಿ ಅದಕ್ಕೆ ಗೊತ್ತಾಗುವುದು ಹೇಗೆ? ಒಣ ಎರೆಯ ಮೇಲಂತೂ ಬೇಡವೇ ಬೇಡ.

*ವಿದ್ಯುತ್ ಹರಿಸಿ ನೋಡುವುದು.* ನೀರಿನ ಬೋರ್‌ವೆಲ್ ಪಾಯಿಂಟ್ ಹುಡುಕುವವರು ಬಳಸುವ ರೆಸಿಸ್ಟಿವಿಟಿ ವಿಧಾನವೇ ಇದು. ಮಸಾರಿ ನೆಲದಲ್ಲಿ ಎರಡು ಬೋರ್‌ಗಳ ನಡುವಿನ ಖಾಲಿ ಜಾಗ ತುಂಬಿಕೊಳ್ಳಲು ಚೆನ್ನ. ಕಾಲುವೆ ನೀರಾವರಿಯ ಸವುಳು ಎರೆಯಲ್ಲಿ ಉಪ್ಪು ನೀರೇ ಕರೆಂಟನ್ನು ಎಳೆದುಕೊಂಡುಬಿಡುವುದರಿಂದ ಕೆಳಗಿನ ಚಿತ್ರ ಮಸುಕಾಗುತ್ತದೆ. ಇದೊಂದನ್ನೇ ನಂಬಿ ಪೈಲಿನ ಉದ್ದ ಬರೆಯಬೇಡಿ.

ಎಷ್ಟು ಕಡೆ ಎಂಬ ಪ್ರಶ್ನೆಗೆ ಐಎಸ್ 1892ರ ಹಳೆಯ ಮಾತು ಎಲ್ಲರ ಬಾಯಲ್ಲೂ ಇದೆ: 0.4 ಹೆಕ್ಟೇರ್, ಅಂದರೆ ಸುಮಾರು ಒಂದು ಎಕರೆಯ ಒತ್ತೊತ್ತಾದ ಕಟ್ಟಡದ ಜಾಗಕ್ಕೆ ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು. ಸಾದಾ ನೆಲಕ್ಕೆ ಅದು ಸಾಕು. ಗುಂಡುಗಳ ನೆಲದಲ್ಲಿ ಪೈಲ್ ಇಳಿಸುವವರಿಗೆ ಸಾಲದು. ಐದು ಬೋರ್ ಇರಲಿ, ಅವುಗಳ ನಡುವೆ ಕೋನ್ ಹೊಡೆಸಿ, ಎರಡು ಬೋರ್‌ಗಳ ನಡುವೆ ಕಲ್ಲಿನ ಆಳ ಎರಡು ಮೀಟರಿಗಿಂತ ಹೆಚ್ಚು ಏರುಪೇರಾದರೆ ಅಲ್ಲಿ ಇನ್ನೊಂದು ಬೋರ್ ಹಾಕಿಸಿ.

ಎರಡು ಗಾಜಿನ ಜಾಡಿ, ಒಂದು ದಿನ

ಎರೆ ಎಷ್ಟು ಉಬ್ಬುತ್ತದೆ ಎಂದು ತಿಳಿಯಲು ಲ್ಯಾಬಿನಲ್ಲಿ ಮಾಡುವ ಫ್ರೀ ಸ್ವೆಲ್ ಪರೀಕ್ಷೆಗೆ ಖರ್ಚು ಕಡಿಮೆ, ನೋಡಲು ಸೊಗಸು. ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿದ ಮಣ್ಣು ಹತ್ತು ಹತ್ತು ಗ್ರಾಂ, 100 ಮಿಲಿಲೀಟರಿನ ಎರಡು ಅಳತೆ ಜಾಡಿ. ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಬಟ್ಟಿ ಇಳಿಸಿದ ನೀರು. ಗುಳ್ಳೆ ಹೋಗುವಂತೆ ಕಲಕಿ ಒಂದು ದಿನ ಇಡಬೇಕು. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಸೀಮೆಎಣ್ಣೆಯಲ್ಲಿ 12 ಮಿಲಿಲೀಟರ್ ಗೆರೆಗೆ ನಿಂತದ್ದು ನೀರಿನಲ್ಲಿ 27ಕ್ಕೆ ಏರಿದ್ದರೆ, 15ನ್ನು 12ರಿಂದ ಭಾಗಿಸಿ: 125 ಶೇಕಡಾ. 50ರ ಒಳಗೆ ಇದ್ದರೆ ಕಡಿಮೆ, 50ರಿಂದ 100 ಮಧ್ಯಮ, 100 ದಾಟಿದರೆ ಹೆಚ್ಚು, 200 ದಾಟಿದರೆ ಅತಿ ಹೆಚ್ಚು ಎಂದು ಐಎಸ್ 1498 ವಿಂಗಡಿಸುತ್ತದೆ. ಮನೆ ಕಟ್ಟುವ ಯಜಮಾನರಿಗೆ ಹತ್ತು ಪುಟದ ರಿಪೋರ್ಟ್ ವಿವರಿಸುವುದಕ್ಕಿಂತ ಆ ಎರಡು ಜಾಡಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಕೆಲಸ ಸಲೀಸು.

ಲ್ಯಾಬಿಗೆ ಮಣ್ಣು ಹೋದಾಗಲೇ ಮಣ್ಣಿಗೂ ನೆಲದಡಿಯ ನೀರಿಗೂ ಸಲ್ಫೇಟ್, ಕ್ಲೋರೈಡ್, ಪಿಎಚ್ ಪರೀಕ್ಷೆ ಕೇಳಿ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ವರ್ಷಾನುಗಟ್ಟಲೆ ಭತ್ತ ಬೆಳೆದು ಸವುಳಾದ ನೆಲದಲ್ಲಿ ಇದನ್ನು ಬಿಡುವಂತೆಯೇ ಇಲ್ಲ. ಸಲ್ಫೇಟ್ ಮಟ್ಟ ನೋಡಿ ಐಎಸ್ 456ರ ಪಟ್ಟಿ ಯಾವ ಸಿಮೆಂಟ್, ಎಷ್ಟು ಸಿಮೆಂಟ್ ಎಂದು ಹೇಳುತ್ತದೆ. ಪೈಲ್ ನೆಲದೊಳಗೆ ಹೋದ ಮೇಲೆ ಅದನ್ನು ನೋಡಿ ಪ್ಲಾಸ್ಟರ್ ಮಾಡಲು ಆಗುವುದಿಲ್ಲವಲ್ಲ.

ಈಗ ಪೈಲ್‌ಗಳ ನಡುವೆ

ಮೊದಲು ಕೇಳಬೇಕಾದದ್ದು: ಪೈಲ್ ಬೇಕೇ? ಗುಂಡಿಯಲ್ಲಿ ಎರಡು, ಎರಡೂವರೆ ಮೀಟರಿಗೆ ಒಳ್ಳೆ ಗರಸು ಎಲ್ಲ ಕಡೆ ಸಿಕ್ಕಿತೆಂದರೆ, ಎರಡು ಮಹಡಿ ಮನೆಗೆ ಎರೆಯನ್ನು ತೆಗೆದು ಗರಸಿನ ಮೇಲೆ ಫುಟಿಂಗ್ (ಅಗಲ ಬುನಾದಿ) ಕೂರಿಸಿ, ಸುತ್ತ ಎರೆ ಬದಲು ಮೊರಂ ತುಂಬಿಸುವುದು ಸಾಕು. ಉಬ್ಬದ ಮಣ್ಣಿನ ಪದರ ಹಾಸಿ ಎರೆಯ ಉಬ್ಬನ್ನು ಹಿಡಿದಿಡುವ ವಿಧಾನವನ್ನು ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ರೂಪಿಸಿದ್ದರು. ಸಿಎನ್‌ಎಸ್ ಎಂದು ಕರೆಯುವ ಆ ಪದರವನ್ನು ಎರೆಭೂಮಿಯ ಕಾಲುವೆ ಕೆಲಸಗಳಲ್ಲಿ ಬಳಸುತ್ತಾರೆ. ಸಣ್ಣ ಕಟ್ಟಡದ ನೆಲಹಾಸಿನ ಕೆಳಗೂ ಅದು ಉಪಯೋಗಕ್ಕೆ ಬರುತ್ತದೆ. ಪೈಲ್ ಅಂದರೆ ಗಟ್ಟಿ, ಫುಟಿಂಗ್ ಅಂದರೆ ಬಡವರದ್ದು ಎಂಬ ಭಾವನೆ ಗುತ್ತಿಗೆದಾರರು ಬೆಳೆಸಿದ್ದು.

*ಅಂಡರ್‌ರೀಮ್ಡ್ ಪೈಲ್.* ಎರೆಗಾಗಿಯೇ ಬೆಳೆದು ಬಂದ ಪೈಲ್. ರೂರ್ಕಿಯ ಸಿಬಿಆರ್‌ಐ, ಅಂದರೆ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು 1950ರ ದಶಕದಲ್ಲಿ ಇದರ ಮೇಲೆ ಕೆಲಸ ಮಾಡಿದರು. ತಳದಲ್ಲಿ ಗೆಣಸಿನ ಹಾಗೆ ಉಬ್ಬಿದ ಬಲ್ಬ್ ಇರುತ್ತದೆ, ಸಾಮಾನ್ಯವಾಗಿ ಕಾಂಡದ ಎರಡೂವರೆ ಪಟ್ಟು ಅಗಲ. 300 ಮಿಲಿಮೀಟರ್ ಪೈಲಿಗೆ 750 ಮಿಲಿಮೀಟರ್ ಬಲ್ಬ್. ಎರೆ ಉಬ್ಬಿ ಪೈಲನ್ನು ಮೇಲಕ್ಕೆ ಎಳೆಯುವಾಗ ಈ ಬಲ್ಬ್ ಲಂಗರಿನ ಹಾಗೆ ಹಿಡಿಯುತ್ತದೆ. ಎಳೆತ ಎಷ್ಟಿರುತ್ತದೆ ನೋಡಿ: 300 ಮಿಲಿಮೀಟರ್ ಪೈಲ್ 3.5 ಮೀಟರ್ ಉಬ್ಬುವ ಎರೆಯಲ್ಲಿದ್ದರೆ ಮಣ್ಣು ಹಿಡಿದ ಮೈ ಸುಮಾರು 3.3 ಚದರ ಮೀಟರ್. ಚದರ ಮೀಟರಿಗೆ ಮೂರು ಟನ್ ಎಳೆತ ಎಂದು ಹಿಡಿದರೂ ಹತ್ತು ಟನ್ ಮೇಲ್ಮುಖ. ಒಂದಂತಸ್ತಿನ ಮನೆಯ ಮೂಲೆ ಪೈಲಿನ ಮೇಲೆ ಕೂರುವ ಭಾರವೇ ಅಷ್ಟು ಇರುವುದಿಲ್ಲ. ಎರೆಯಲ್ಲಿ ಹಗುರ ಕಟ್ಟಡಗಳು ಭಾರದ ಕಟ್ಟಡಗಳಿಗಿಂತ ಹೆಚ್ಚು ಬಿರಿಯುವುದು ಇದಕ್ಕೇ. ಮೊದಲು ಬಿರಿಯುವುದು ಕಾಂಪೌಂಡ್ ಗೋಡೆ, ಮನೆ ಆಮೇಲೆ.

ಹಾಗಾಗಿ ಕಬ್ಬಿಣ ಪೈಲಿನ ಪೂರ್ತಿ ಉದ್ದಕ್ಕೆ ಹೋಗಬೇಕು, ಬಲ್ಬ್ 3.5 ಮೀಟರಿನ ಕೆಳಗೆ ಕೂರಬೇಕು. ಪೈಲ್‌ಗಳನ್ನು ಜೋಡಿಸುವ ಬೀಮಿನ ಅಡಿಗೆ ಎರೆ ತಾಗದಂತೆ ಕನಿಷ್ಠ 80 ಮಿಲಿಮೀಟರ್ ಸಂದು ಬಿಡಬೇಕು. ಈ ಸಂದನ್ನು ನಮ್ಮ ಮೇಸ್ತ್ರಿಗಳು "ಪೊಳ್ಳು ಯಾಕ ಬಿಡ್ತೀರಿ" ಎಂದು ಮಣ್ಣು ತುಂಬಿ ಕಾಂಕ್ರೀಟ್ ಹಾಕಿಬಿಡುತ್ತಾರೆ. ಮಳೆಗಾಲದಲ್ಲಿ ಎರೆ ಬೀಮನ್ನೇ ಎತ್ತುತ್ತದೆ, ಪೈಲ್ ಹಾಕಿದ್ದೂ ವ್ಯರ್ಥ. ಅಂಡರ್‌ರೀಮ್ಡ್ ಎಲ್ಲಿ ಕೆಲಸಕ್ಕೆ ಬಾರದು? ಗುಂಡುಗಳಿರುವ ಗರಸಿನಲ್ಲಿ ಬಲ್ಬ್ ಕೊರೆಯುವ ಬ್ಲೇಡ್ ಬಿಚ್ಚಿಕೊಳ್ಳುವುದಿಲ್ಲ. ನೀರು ತುಂಬಿದ ಮರಳಿನಲ್ಲಿ ಬಲ್ಬಿನ ಚಾವಣಿ ಕುಸಿಯುತ್ತದೆ. ಆಳವಾದ, ಒಂದೇ ಸಮನಾದ ಎರೆಗೆ, ಕಡಿಮೆ ಮತ್ತು ಮಧ್ಯಮ ಭಾರಕ್ಕೆ ನನ್ನ ಮೊದಲ ಆಯ್ಕೆ ಇದೇ.

*ಬೋರ್ಡ್ ಪೈಲ್.* ರಿಗ್, ಅಂದರೆ ಕೊರೆಯುವ ಯಂತ್ರದಿಂದ ಕೊರೆದು, ಕಬ್ಬಿಣದ ಕೇಜ್ ಇಳಿಸಿ, ತಳದವರೆಗೆ ಇಳಿಬಿಟ್ಟ ಟ್ರೆಮಿ ಪೈಪಿನಿಂದ ಕಾಂಕ್ರೀಟ್ ತುಂಬುವುದು. ನಮ್ಮ ಕಡೆ ಸೇತುವೆ, ಸೈಲೋ, ಕಾರ್ಖಾನೆ ಕೆಲಸಕ್ಕೆ ಹೆಚ್ಚು ಬಳಕೆ ಇದರದ್ದೇ, ಅದು ಸರಿಯೂ ಹೌದು. ಕಲ್ಲು ನಾಲ್ಕು ಮೀಟರಿಗೆ ಬಂದರೂ ಹನ್ನೊಂದಕ್ಕೆ ಬಂದರೂ ಆಯಾ ಪೈಲಿನ ಉದ್ದ ಅಲ್ಲಲ್ಲೇ ಹೊಂದಿಸಿಕೊಳ್ಳಬಹುದು. ಗುಂಡು ಅಡ್ಡ ಬಂದರೆ ಚಿಸೆಲ್ (ಭಾರದ ಉಳಿ) ಹೊಡೆದೋ ರಾಕ್ ಬಕೆಟ್ ಹಾಕಿಯೋ ದಾಟಬಹುದು. ಕಲ್ಲಿನೊಳಕ್ಕೆ ಸಾಕೆಟ್ ಮಾಡಬಹುದು, ಅಂದರೆ ಕಲ್ಲನ್ನೂ ಸ್ವಲ್ಪ ಕೊರೆದು ಪೈಲಿನ ತಳವನ್ನು ಅದರೊಳಗೆ ಕೂರಿಸಬಹುದು.

ಇದರ ರೋಗ ತಳದಲ್ಲಿದೆ. ಕೊರೆದ ಮೇಲೆ, ರಂಧ್ರ ಕುಸಿಯದಂತೆ ತುಂಬುವ ಬೆಂಟೊನೈಟ್ ಜೇಡಿಯ ಕೆಸರು, ಕಲ್ಲಿನ ಪುಡಿ ತಳಕ್ಕೆ ಕೂರುತ್ತದೆ. ಅದರ ಮೇಲೆ ಕಾಂಕ್ರೀಟ್ ಬಿದ್ದರೆ ಪೈಲ್ ಕಲ್ಲಿನ ಮೇಲಲ್ಲ, ಗಂಜಿಯ ಮೇಲೆ ನಿಂತಿರುತ್ತದೆ. ತೂಕ ಕಟ್ಟಿದ ಟೇಪು ಇದಕ್ಕೆ ಮದ್ದು. ಕೊರೆದು ಮುಗಿದ ಕೂಡಲೇ ಒಮ್ಮೆ ಇಳಿಸಿ ಆಳ ಬರೆದುಕೊಳ್ಳಿ. ಕೇಜ್ ಇಳಿಸಿ, ತೊಳೆದು, ಕಾಂಕ್ರೀಟ್ ಲಾರಿ ಬಂದು ನಿಂತ ಮೇಲೆ ಮತ್ತೊಮ್ಮೆ ಇಳಿಸಿ. ಎರಡು ಅಂಕಿಗಳ ವ್ಯತ್ಯಾಸವೇ ಕೆಸರು. ತೂಕ ಕಲ್ಲಿಗೆ ತಾಗಿದಾಗ ಕೈಗೆ ಟಕ್ ಎಂದು ಗೊತ್ತಾಗುತ್ತದೆ, ಕೆಸರಿಗೆ ತಾಗಿದಾಗ ಹೂತುಕೊಳ್ಳುತ್ತದೆ. ಈ ಕೆಲಸಕ್ಕೆ ಯಂತ್ರ ಬೇಡ, ಸಂಜೆ ಏಳಕ್ಕೆ ಮನೆಗೆ ಹೋಗುವ ಅವಸರ ಇಲ್ಲದ ಸೂಪರ್‌ವೈಸರ್ ಬೇಕು.

*ಹೊಡೆದು ಇಳಿಸುವ ಪ್ರೀಕಾಸ್ಟ್ ಪೈಲ್.* ಅಂಗಳದಲ್ಲಿ ಎರಕ ಹಾಕಿ, ಕಣ್ಣಾರೆ ನೋಡಿ, ನಂತರ ಹ್ಯಾಮರಿನಿಂದ ಹೊಡೆಯುವುದು. ಕುಸಿಯುವ ರಂಧ್ರ, ಬೆಂಟೊನೈಟ್, ತಳದ ಕೆಸರು ಯಾವುದರ ಗೋಜೂ ಇಲ್ಲ. ಪ್ರತಿ ಪೈಲ್ ಇಳಿಯುವಾಗ ಬೀಳುವ ಏಟಿನ ಲೆಕ್ಕವೇ ಒಂದು ಪರೀಕ್ಷೆ. ನೀರು ನಿಂತ ಮೆತ್ತನೆಯ ಆಳ ಮಣ್ಣಿಗೆ ಇದು ಬಹಳ ಒಳ್ಳೆಯದು. ನದಿ ದಂಡೆಯ ಮೆಕ್ಕಲು, ಹಳೆಯ ಕೆರೆ ಅಂಗಳ ಇಂಥ ಕಡೆ, ಗುಂಡುಗಳಿಲ್ಲ ಎಂದು ಬೋರ್‌ಗಳು ಒಕ್ಕೊರಲಿನಿಂದ ಹೇಳಿದರೆ, ಧಾರಾಳವಾಗಿ ಆರಿಸಿ.

ಉಳಿದ ಕಡೆ ನಾನು ಬೇಡ ಎನ್ನುತ್ತೇನೆ. ಗುಂಡಿನ ಅಂಚಿಗೆ ತಾಗಿದ ಪೈಲ್ ಓರೆಯಾಗುತ್ತದೆ, ಇಲ್ಲವೇ ಒಳಗೇ ಮುರಿಯುತ್ತದೆ. ಮುರಿದದ್ದು ಮೇಲಿಂದ ಕಾಣುವುದಿಲ್ಲ. ಏಟು ಏರುತ್ತ ಏರುತ್ತ ಹೋಗಿ ಇದ್ದಕ್ಕಿದ್ದಂತೆ ಪೈಲ್ ಸಲೀಸಾಗಿ ಇಳಿಯತೊಡಗಿತೆಂದರೆ ಸಂತೋಷ ಪಡಬೇಡಿ, ಅದು ಮುರಿದ ಗುರುತು. ತಾಯಿಕಲ್ಲು ಇಳಿಜಾರಾಗಿದ್ದರೆ ತುದಿ ಜಾರುತ್ತದೆ. ಕಲ್ಲಿನ ಆಳ ಏರುಪೇರಾದ ಕಡೆ ಉಳಿದ ಉದ್ದವನ್ನೆಲ್ಲ ಕತ್ತರಿಸಿ ಎಸೆಯಬೇಕು, ಅಂದರೆ ದುಡ್ಡು ಕೊಟ್ಟು ಎರಕ ಹಾಕಿದ ಕಾಂಕ್ರೀಟನ್ನು ದುಡ್ಡು ಕೊಟ್ಟು ಒಡೆಸಬೇಕು. ಜೊತೆಗೆ ಕಂಪನ. ಕೊಪ್ಪಳ, ರಾಯಚೂರಿನ ಹಳೆ ಓಣಿಗಳಲ್ಲಿ ಮಣ್ಣಿನ ಮಾಳಿಗೆ ಮನೆಗಳಿವೆ. ಹ್ಯಾಮರ್ ಶುರುವಾಗುವ ಮುಂಚೆ ಅಕ್ಕಪಕ್ಕದ ಪ್ರತಿ ಮನೆಯ ಪ್ರತಿ ಬಿರುಕಿನ ಫೋಟೋ ತೆಗೆದು, ದಿನಾಂಕ ಹಾಕಿ, ಮನೆಯವರ ಸಹಿ ಪಡೆಯಿರಿ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿದರೆ ಹೊಸ ಅಲುಗಾಟ ತಕ್ಷಣ ಗೊತ್ತಾಗುತ್ತದೆ.

ಯಾವುದನ್ನೇ ಆರಿಸಿ, ಪೈಲಿನ ಮೇಲೆ ಭಾರ ಹೇರಿ ನೋಡುವ ಲೋಡ್ ಟೆಸ್ಟ್ ತಪ್ಪಿಸಬೇಡಿ. ಐಎಸ್ 2911ರ ನಾಲ್ಕನೇ ಭಾಗದ ಪ್ರಕಾರ ಕೆಲಸಕ್ಕೆ ಮೊದಲು ಪರೀಕ್ಷೆಗೆಂದೇ ಹಾಕುವ ಪ್ರಾರಂಭಿಕ ಪರೀಕ್ಷೆಯ ಪೈಲಿಗೆ ಡಿಸೈನ್ ಭಾರದ ಎರಡೂವರೆ ಪಟ್ಟು, ಕಟ್ಟಡ ಹೊರುವ ಕೆಲಸದ ಪೈಲಿಗೆ ಒಂದೂವರೆ ಪಟ್ಟು ಹೇರಬೇಕು. ಕೆಲಸದ ಎಲ್ಲ ಪೈಲ್ ಮುಗಿದ ಮೇಲೆ ಪ್ರಾರಂಭಿಕ ಪರೀಕ್ಷೆ ಮಾಡುವ ವಿಚಿತ್ರವನ್ನೂ ನೋಡಿದ್ದೇನೆ.

ಬೋರ್‌ಲಾಗಿನಲ್ಲಿ ಬರೆಯದ ಅಪಾಯಗಳು

ಕೊಪ್ಪಳದ ಒಂದು ಹಳ್ಳಿಯಲ್ಲಿ ಗೋದಾಮಿನ ಕೆಲಸ. ಬೋರ್‌ಲಾಗ್ (ಬೋರ್‌ನಲ್ಲಿ ಕಂಡ ಪದರಗಳ ದಾಖಲೆ) ಚೊಕ್ಕ, ಕೋನಿನ ಏಟು ಚೊಕ್ಕ. ರಿಗ್ ಇಳಿಸುವ ಹಿಂದಿನ ಸಂಜೆ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಒಬ್ಬರು ಕೋಲು ತೋರಿಸಿ ಹೇಳಿದರು: "ತಮ್ಮಾ, ಆ ಬೇವಿನ ಗಿಡದ ಬುಡಕ ನಮ್ಮ ಮುತ್ಯಾನ ಕಾಲದಾಗ ಹಗೇವು ಇತ್ತು. ಒಂದಲ್ಲ, ಮೂರು."

ಹಗೇವು ಎಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಬಾಯಿಗೆ ಚಪ್ಪಡಿ ಹೊದಿಸಿ, ಮಣ್ಣು ಮುಚ್ಚಿ, ಮೇಲೆ ಎತ್ತು ಕಟ್ಟಿದವರು ಈಗಿಲ್ಲ. ಪೊಳ್ಳು ಮಾತ್ರ ಹಾಗೇ ಇರಬಹುದು. ಜೆಸಿಬಿಯಿಂದ ಮೆಲ್ಲಗೆ ಕೆದರಿಸಿದಾಗ ಎರಡು ಸಿಕ್ಕವು. ಒಂದರ ಚಪ್ಪಡಿ ನಾವು ರಿಗ್ ನಿಲ್ಲಿಸಲು ಗುರುತು ಹಾಕಿದ್ದ ಜಾಗದ ಕೆಳಗೇ ಇತ್ತು. ಮೂರನೆಯದನ್ನು ಹುಡುಕಲು ಎರಡು ದಿನ ಹೋಯಿತು. ಸಿಕ್ಕಿದ್ದು ಅಜ್ಜ ತೋರಿಸಿದ ಜಾಗದಲ್ಲಲ್ಲ, ಗಿಡದ ಆಚೆ ಬದಿಗೆ.

ಆಗಿನಿಂದ ನನ್ನ ಪರೀಕ್ಷೆಗಳ ಪಟ್ಟಿಯಲ್ಲಿ ಊರಿನ ಹಿರಿಯರ ಜೊತೆ ಅರ್ಧ ದಿನ ಇದ್ದೇ ಇರುತ್ತದೆ. ಹಗೇವು, ಮುಚ್ಚಿದ ಬಾವಿ, ಮಣ್ಣು ಹೊಡೆಸಿ ಲೇಔಟ್ ಮಾಡಿದ ಕೆರೆ ಅಂಗಳ, ಹೂತ ಹಳೆ ಕಲ್ಲುಕ್ವಾರಿ ಇವೆಲ್ಲ ಅವರಿಗೆ ಗೊತ್ತು. ಎಸ್‌ಪಿಟಿಗೆ ಗೊತ್ತಿಲ್ಲ.

ರಿಗ್ ನಿಲ್ಲುವ ನೆಲವೂ ಒಂದು ಬುನಾದಿಯೇ. ಟನ್‌ಗಟ್ಟಲೆ ಯಂತ್ರ ಒಣ ಎರೆಯ ಮೇಲೆ ಬಸವಣ್ಣನ ಹಾಗೆ ಕೂತಿರುತ್ತದೆ. ಒಂದು ಹದ ಮಳೆ ಬಿದ್ದರೆ ಒಂದು ಟ್ರ್ಯಾಕ್ ಇಳಿದು ಮಾಸ್ಟ್ (ರಿಗ್ಗಿನ ಎತ್ತರದ ಕಂಬ) ವಾಲುತ್ತದೆ. ಒಡೆದ ಕಲ್ಲು, ಮೊರಂ ಹಾಕಿ ಗಟ್ಟಿ ಹಾಸು ಮಾಡಿ, ಅದರ ದಪ್ಪವನ್ನು ರಿಗ್ಗಿನ ತೂಕ ನೋಡಿ ಎಂಜಿನಿಯರ್ ನಿರ್ಧರಿಸಲಿ. ಮಳೆ ಬಿದ್ದ ಮರುದಿನ ಅದನ್ನು ಮತ್ತೆ ನೋಡಿಯೇ ಕೆಲಸ ಶುರುವಾಗಲಿ. ಮಾಸ್ಟ್ ಎತ್ತುವ ಮುಂಚೆ ತಲೆ ಎತ್ತಿ ವಿದ್ಯುತ್ ತಂತಿ ನೋಡಿ, ಕೊರೆಯುವ ಮುಂಚೆ ಕೇಬಲ್ ಮತ್ತು ಕುಡಿಯುವ ನೀರಿನ ಪೈಪ್ ಎಲ್ಲಿವೆ ಎಂದು ಕೇಳಿ, ಕೈಯಿಂದ ತೋಡಿ ಖಾತ್ರಿ ಮಾಡಿಕೊಳ್ಳಿ.

ನೀರಿನ ಮಟ್ಟವನ್ನು ಒಂದೇ ಸಲ ಅಳೆದರೆ ಸಾಲದು. ಕಾಲುವೆ ಬಂದ್ ಆದಾಗ ಆರು ಮೀಟರ್ ಕೆಳಗಿದ್ದ ನೀರು, ಕಾಲುವೆಗೆ ನೀರು ಬಿಟ್ಟು ಗದ್ದೆ ನಾಟಿಯಾದ ಮೇಲೆ ಮೊಣಕಾಲಿನಷ್ಟು ಆಳಕ್ಕೆ ಬಂದಿರಬಹುದು. ಬೋರ್ ಮುಗಿದ ಮೇಲೆ ಅದರಲ್ಲಿ ತೂತು ಕೊರೆದ ಪಿವಿಸಿ ಪೈಪ್ ಬಿಟ್ಟು, ಬಾಯಿಗೆ ಮುಚ್ಚಳ ಹಾಕಿ. ಎರಡೂ ಕಾಲದಲ್ಲಿ ಅಳೆದುಕೊಳ್ಳಿ. ಪೈಲಿನ ರಂಧ್ರವನ್ನು ನೀರಿಲ್ಲದೆ ಒಣದಾಗಿ ಕೊರೆಯಬಹುದೋ, ಕುಸಿಯದಂತೆ ತಡೆಯುವ ಕೇಸಿಂಗ್ ಪೈಪ್ ಬೇಕೋ ಎಂಬುದು ಈ ಅಗ್ಗದ ಪೈಪಿನ ಮೇಲೆ ನಿಂತಿದೆ.

ಕರಾರಿನಲ್ಲಿ ಒಂದು ಸಾಲು

ಜಗಳ ಆಗುವುದು ಹೆಚ್ಚಾಗಿ ಕಲ್ಲಿನ ಮೇಲೆಯೇ. "ಮೀಟರಿಗೆ ಇಷ್ಟು" ಎಂದು ಒಂದೇ ದರ ಬರೆದ ಕರಾರಿನಲ್ಲಿ ಗುಂಡು ಸಿಕ್ಕ ದಿನ ರಿಗ್ ನಿಂತುಬಿಡುತ್ತದೆ. ಗುತ್ತಿಗೆದಾರ "ಗಟ್ಟಿ ಕಲ್ಲು ಬಂತ್ರಿ, ಪೈಲ್ ಇಲ್ಲಿಗೇ ನಿಲ್ಲಿಸೋಣ" ಎಂದು ರಾಗ ತೆಗೆಯುತ್ತಾನೆ. ಅವನಿಗೆ ಅದು ಲಾಭ, ನಿಮಗೆ ಅದು ಗುಂಡಿನ ಮೇಲೆ ಕೂತ ಪೈಲ್. ಮಣ್ಣಿನಲ್ಲಿ ಒಂದು ದರ, ಗರಸಿನಲ್ಲಿ ಒಂದು, ಕಲ್ಲಿನಲ್ಲಿ ಒಂದು, ಚಿಸೆಲ್ ಹೊಡೆದದ್ದಕ್ಕೆ ಗಂಟೆಗಿಷ್ಟು ಎಂದು ಮೊದಲೇ ಬರೆಯಿಸಿ. ಪೈಲ್ ಎಲ್ಲಿ ನಿಲ್ಲಬೇಕು ಎಂದು ಹೇಳುವವರು ಗುತ್ತಿಗೆದಾರರ ಕಡೆಯವರಲ್ಲ, ನಿಮ್ಮ ಎಂಜಿನಿಯರ್ ಎಂದೂ ಬರೆಯಿಸಿ. ಪ್ರತಿ ಪೈಲಿನ ತಳದಿಂದ ಬಂದ ಕಲ್ಲಿನ ಚೂರನ್ನು ಪೈಲಿನ ನಂಬರ್ ಬರೆದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಡಿಸಿ. ಆ ಸಿಂಧನೂರಿನ ಗಿರಣಿಯ ಆಫೀಸಿನಲ್ಲಿ, ದೇವರ ಫೋಟೋದ ಕೆಳಗಿನ ಗೂಡಿನಲ್ಲಿ, ಅಂಥ ಮೂವತ್ತೆರಡು ಚೀಲಗಳು ಇನ್ನೂ ಇವೆ. ಬಾಜೂ ಪ್ಲಾಟಿನವರು ಕಟ್ಟಲು ಹೊರಟಾಗ ಅವನ್ನು ಕೇಳಿ ಬಂದರಂತೆ. ಮಾಲೀಕರು ಚೀಲಗಳನ್ನು ತೋರಿಸಿ, ಚಹಾ ಕೊಟ್ಟು, "ನೀವೂ ಬೋರ್ ಹೊಡೆಸ್ರಿ" ಎಂದು ಕಳಿಸಿದರಂತೆ.